ಇಲ್ಲದ ಟ್ರೈಲರಿಗೆ ಬಿಟ್ಟ ಜಾಗ

ಯಾವುದೇ ಗಾಡಿಯ ಸೀಟನ್ನು ಬಿಚ್ಚಿ ನೆಲದ ಮೇಲೆ ಹಾಕಿದರೆ ಅದರ ಮೇಲೆ ಕೂತವರ ಅರ್ಧ ಜಾತಕ ಸಿಕ್ಕಿಬಿಡುತ್ತದೆ, ನಂಬಿ. ಹನೂರಿನಲ್ಲಿ ರೆಕ್ಸಿನ್ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡು ತಲೆಗೂದಲು ನರೆಸಿಕೊಂಡವಳ ಮಾತಿದು. ಆಟೋದವರ ಸೀಟು ಬಲಮೂಲೆಯಲ್ಲಿ ಸವೆದಿರುತ್ತದೆ, ಏಕೆಂದರೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವ ಆಸೆಗೆ ಅವರು ಸದಾ ಅತ್ತಲೇ ಸರಿದು ಓಡಿಸುತ್ತಾರೆ. ಕಬ್ಬಿನ ಟ್ರ್ಯಾಕ್ಟರಿನವರ ಸೀಟು ನಡುವೆ ಗುಂಡಿ ಬಿದ್ದು ಒಂದಂಚಿನಲ್ಲಿ ದಾರ ಕಿತ್ತುಕೊಂಡಿರುತ್ತದೆ. ಹಿಂದಿನ ಎರಡು ಟ್ರೈಲರುಗಳು ಸರಿಯಾಗಿ ಬರುತ್ತಿವೆಯೋ ಇಲ್ಲವೋ ಎಂದು ದಿನವಿಡೀ ಸೊಂಟ ತಿರುಗಿಸಿ ನೋಡಿ ನೋಡಿ ಆದದ್ದು ಅದು. ಮೇಷ್ಟರುಗಳ ಸ್ಕೂಟರ್ ಸೀಟಿನಲ್ಲಿ ಮಾತ್ರ, ಬೆಕ್ಕು ಪರಚಿದ್ದು ಬಿಟ್ಟರೆ, ಓದಲು ಹೆಚ್ಚೇನೂ ಇರುವುದಿಲ್ಲ.

ಅಂಥ ನನ್ನ ಮುಂದೆಯೂ ಒಂದು ದಿನ ಓದಲು ಬಾರದ ಸೀಟು ಬಂದು ಕೂತಿತು. ಬಸ್ ಸ್ಟ್ಯಾಂಡಿನ ಹಿಂದೆ ಕೇರಂ ಬೋರ್ಡು, ಟಿ.ವಿ. ಆಟಗಳನ್ನು ಇಟ್ಟುಕೊಂಡಿರುವ ಮಾದೇಶ ಅದನ್ನು ತಲೆಯ ಮೇಲೆ ಹೊತ್ತು ತಂದಿದ್ದ. ಕೆಂಪು ಬಣ್ಣ, ಎರಡು ಕಡೆಯೂ ಎದ್ದು ನಿಂತ ಅಂಚು, ಮುಂಭಾಗದ ರೆಕ್ಸಿನ್ ಮಾತ್ರ ಚಿಂದಿ ಚಿಂದಿ. ಪಕ್ಕಕ್ಕೆ ಸರಿದ ಗುರುತಿಲ್ಲ, ಹಿಂದೆ ತಿರುಗಿದ ಗುರುತಿಲ್ಲ. ಕೂತವರೆಲ್ಲ ಮುಂದಕ್ಕೇ ಜಾರಿ, ಮುಂದಕ್ಕೇ ಒದ್ದು ಎದ್ದುಹೋದವರು. ಯಾವ ಗಾಡಿಯದಪ್ಪಾ ಇದು ಎಂದು ಕೇಳಿದರೆ, ರಸ್ತೆಯ ಗಾಡಿಯದಲ್ಲ, ಆಟದ ಗಾಡಿಯದು ಎಂದ. ತಮಿಳುನಾಡಿನ ಕಡೆ ಮುಚ್ಚಿಹೋದ ಆಟದ ಅಂಗಡಿಯೊಂದರಿಂದ ಆ ಮಿಷನ್ನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದನಂತೆ. ಪಾಲಾರಿನ ಗಡಿ ಚೆಕ್‌ಪೋಸ್ಟಿನಲ್ಲಿ ಟಾರ್ಪಾಲು ಎತ್ತಿ ನೋಡಿದವರು, ಸೀಟಿದೆ, ಸ್ಟೇರಿಂಗಿದೆ, ಬ್ರೇಕಿದೆ, ಚಕ್ರ ಎಲ್ಲಿ ಎಂದು ಕೇಳಿ ಇವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡರಂತೆ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಆ ಆಟ ನಿಮಗೆ ಗೊತ್ತಿರುತ್ತದೆ. ಪುಟ್ಟ ಪುಟ್ಟ ಗಾಡಿಗಳಲ್ಲಿ ಬಣ್ಣಬಣ್ಣದ ಗೊಂಬೆಗಳು ಕೂತು ರೇಸು ಓಡುತ್ತವೆ, ಒಬ್ಬರ ದಾರಿಗೆ ಒಬ್ಬರು ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾರೆ. ಮನೆಯ ಟಿ.ವಿ.ಯಲ್ಲಿ ಆಡುವ ಆ ಆಟಕ್ಕೆ ಲೋಕವೆಲ್ಲ ಹೆಸರು. ಆದರೆ ಅದಕ್ಕೆ ಅಂಗಡಿಗಳಲ್ಲಿ ಮಾತ್ರ ಬದುಕುವ ಒಡಹುಟ್ಟುಗಳಿವೆ ಎಂದು ನನಗೆ ತಿಳಿಸಿದವಳು ಮಾದೇಶನ ಅಕ್ಕನ ಮಗಳು, ಯಳಂದೂರಿನಲ್ಲಿ ಕಾಲೇಜು ಓದುವ ಹುಡುಗಿ, ರಜೆಗೆಂದು ಬಂದಿದ್ದಳು. ಮೂರೋ ನಾಲ್ಕೋ ಬಗೆ ಬಂದಿವೆಯಂತೆ. ಒಂದರಲ್ಲಿ ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿ ಕೂರಿಸುತ್ತಾರಂತೆ. ಮನೆಯ ಆಟದಲ್ಲಿಲ್ಲದ ದಾರಿಗಳು, ಎಸೆಯಲು ಮನೆಯ ಆಟದಲ್ಲಿಲ್ಲದ ಸಾಮಾನುಗಳು ಇವುಗಳಲ್ಲಿ ಇರುತ್ತವಂತೆ. ಎಲ್ಲಕ್ಕಿಂತ ಮೇಲಾಗಿ, ಪರದೆಯ ಮೇಲೊಂದು ಕ್ಯಾಮೆರಾ ಕೂತಿದ್ದು, ಓಟಕ್ಕೆ ಮೊದಲು ಆಡುವವರ ಮುಖ ಹಿಡಿದು, ಅದಕ್ಕೆ ಟೋಪಿ ಮೀಸೆ ಅಂಟಿಸಿ, ಗಾಡಿಯ ತಲೆಯ ಮೇಲೆ ತೋರಿಸುತ್ತದಂತೆ. ಇಷ್ಟೆಲ್ಲ ಇದ್ದೂ, ಆಟದ ಹುಚ್ಚಿರುವವರಲ್ಲೇ ಬಹಳ ಮಂದಿಗೆ ಇವುಗಳ ಸುದ್ದಿಯೇ ಗೊತ್ತಿಲ್ಲ ಎಂದು ಅವಳು ಪೇಚಾಡಿದಳು.

ಹೆಸರುವಾಸಿಗಳ ಮನೆಯಲ್ಲಿ ಹುಟ್ಟಿ ಹೆಸರಿಲ್ಲದೆ ದುಡಿಯುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಒಲವು. ನಮ್ಮ ಸೀಮೆಯೇ ಹಾಗಲ್ಲವೇ? ಬೆಟ್ಟದ ದೇವರಿಗೆ ಹೋಗುವ ಬಸ್ಸುಗಳು ಹನೂರಿನಲ್ಲಿ ಟೀ ಕುಡಿಯುವಷ್ಟು ಹೊತ್ತು ನಿಂತು ಹೊರಟುಬಿಡುತ್ತವೆ. ಕೊಳ್ಳೇಗಾಲದ ರೇಷ್ಮೆಯನ್ನು ಉಟ್ಟವರಿಗೆ ನೂಲು ತೆಗೆದವಳ ಕೈ ಗೊತ್ತಿಲ್ಲ, ಸಕ್ಕರೆ ಕರಗಿಸಿ ಕುಡಿದವರಿಗೆ ಕಬ್ಬು ತಂದ ಟ್ರ್ಯಾಕ್ಟರು ಗೊತ್ತಿಲ್ಲ. ಅದಕ್ಕೇ ಇರಬೇಕು, ಆ ಮಿಷನ್ನಿನ ಸೀಟನ್ನು ನಾನು ಎಂದಿಗಿಂತ ಹೆಚ್ಚು ಅಕ್ಕರೆಯಿಂದ ಹೊಲಿದೆ, ಒಳಗೆ ಒಳ್ಳೆಯ ಫೋಮನ್ನೇ ತುಂಬಿದೆ.

ಫೋಮ್ ಕತ್ತರಿಸಿಕೊಟ್ಟವರು ನಮ್ಮನೆಯವರು. ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ವರ್ಷದವರೆಗೆ ಅವರು ನಮ್ಮದೇ ಟ್ರ್ಯಾಕ್ಟರಿನಲ್ಲಿ ಕುಂತೂರಿನ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದವರು. ಅಜ್ಜೀಪುರದಿಂದ ಹನೂರಿಗೆ ಬರುವ ದಾರಿಯ ಒಂದು ತಿರುವಿನಲ್ಲಿ, ಎದುರಿಗೆ ಬಂದ ಬಸ್ಸಿಗೆ ಜಾಗ ಕೊಡಲು ಹೋಗಿ ಗಾಡಿಯನ್ನು ತಿರುವಿನ ಒಳ ಅಂಚಿಗೆ ಎಳೆದರು. ಹಿಂದಿನ ಟ್ರೈಲರು ಇನ್ನೂ ಒಳಕ್ಕೆ ಬಂದು, ಚಕ್ರ ಮೋರಿಗೆ ಇಳಿದು, ಲೋಡೆಲ್ಲ ಮಗುಚಿಕೊಂಡಿತು. ಯಾರಿಗೂ ಏಟಾಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಮೋರಿಯ ಮೇಲೆ ಇಬ್ಬರು ಹೆಂಗಸರು ಹುಲ್ಲಿನ ಹೊರೆ ಇಳಿಸಿ ಕೂತಿದ್ದರು ಎಂದು ಯಾರೋ ಹೇಳಿಬಿಟ್ಟರು. ಅವತ್ತಿನಿಂದ ಇವರು ಸ್ಟೇರಿಂಗ್ ಮುಟ್ಟಲಿಲ್ಲ. ಮನೆಯ ಮುಂದಿನ ಹುಣಸೆಮರದ ಕೆಳಗೆ ಟ್ರ್ಯಾಕ್ಟರು ನಿಂತೇ ಇತ್ತು, ಕೋಳಿಗಳು ಅದರ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಬರುವ ಸಲ ಕಾರ್ಖಾನೆ ಶುರುವಾಗುವ ಮೊದಲು ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವರು ತೀರ್ಮಾನಿಸಿದ್ದರು. ನಾನು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಗಾಡಿ ಹೋದರೆ ಅದರ ಜೊತೆಗೆ ನಾನು ಮೆಚ್ಚಿದ ಗಂಡಸೂ ಹೊರಟುಹೋಗುತ್ತಾನೆ ಎಂಬ ಹೆದರಿಕೆ ನನಗಿತ್ತು.

ಸೀಟು ಮುಗಿಯಿತು, ಆದರೆ ಮಾದೇಶನ ಅಂಗಡಿಯಲ್ಲಿದ್ದ ಮಿಷನ್ನಿನ ಸ್ಟೇರಿಂಗು ಲಡಲಡ ಅಲ್ಲಾಡುತ್ತಿತ್ತು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವಂತೆ ಮಾದೇಶ ದಿನಕ್ಕೆ ಮೂರು ಸಲ ಮಿಷನ್ ಒರೆಸುತ್ತಿದ್ದನೇ ಹೊರತು ಅದರೊಳಗೆ ಕೈಹಾಕುವ ಧೈರ್ಯ ಅವನಿಗಿರಲಿಲ್ಲ. ಬಿಡಿಭಾಗ ಈ ದೇಶದಲ್ಲೆಲ್ಲೂ ಸಿಕ್ಕುವುದಿಲ್ಲ ಎಂದು ಫೋನಿನಲ್ಲಿ ಯಾರೋ ಹೇಳಿದ್ದರು. ನಮ್ಮನೆಯವರು ಮಿಷನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅರ್ಧ ದಿನ ಅದರ ಹೊಟ್ಟೆಯೊಳಗೆ ಟಾರ್ಚು ಬಿಟ್ಟು ನೋಡಿ, ಕೊನೆಗೆ ಟ್ರ್ಯಾಕ್ಟರಿನದೇ ಒಂದು ಹಳೆಯ ಬುಷ್, ತಿರುಗುವ ಕಂಬಿ ಅಲ್ಲಾಡದಂತೆ ಹಿಡಿಯುವ ಬಳೆ, ತಂದು, ಉಜ್ಜಿ ಅಳತೆಗೆ ತಂದು, ಗ್ರೀಸ್ ಹಚ್ಚಿ ಕೂರಿಸಿದರು. ಎಲ್ಲೋ ಜಪಾನಿನಲ್ಲಿ ಹುಟ್ಟಿದ ಸ್ಟೇರಿಂಗು ನಮ್ಮ ಟ್ರ್ಯಾಕ್ಟರಿನ ಬುಷ್ಷಿನ ಮೇಲೆ ಬೆಣ್ಣೆಯ ಹಾಗೆ ತಿರುಗಿತು. ಯಳಂದೂರಿನ ಹುಡುಗಿ ಇಂಥದ್ದು ಲೋಕದಲ್ಲಿ ಇನ್ನೆಲ್ಲೂ ಇರಲಾರದು ಎಂದಳು, ನನಗೆ ಎದೆಯುಬ್ಬಿತು.

ಇನ್ನು ಓಡಿಸಿ ನೋಡಬೇಕು. ಕೇರಂ ಆಡುತ್ತಿದ್ದ ಹುಡುಗರೂ ಆಟ ಬಿಟ್ಟು ಪಕ್ಕಕ್ಕೆ ಬಂದು ನಿಂತರು. ರಿಪೇರಿ ಮಾಡಿದವರೇ ಮೊದಲು ಓಡಿಸಬೇಕೆಂಬುದು ನಮ್ಮ ಕಡೆಯ ಗ್ಯಾರೇಜುಗಳ ರೂಢಿ. ತಪ್ಪಾಗಿದ್ದರೆ ಏಟು ತಪ್ಪು ಮಾಡಿದವನಿಗೇ ಬೀಳಲಿ ಎಂದು. ಆ ರೂಢಿಯನ್ನು ಮಾದೇಶ ನೆನಪಿಸಿದ. ಇವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಕೂತರು. ಪರದೆಯ ಮೇಲೆ ಫೋಟೋ ತೆಗೆಯುವ ಗುರುತು ಬಂತು. ಫೋಟೋ ಎಂದಕೂಡಲೇ ನಮ್ಮನೆಯವರು ಹೆಗಲ ಟವೆಲು ತೆಗೆದು ನನ್ನ ಕೈಗೆ ಕೊಟ್ಟು, ರೇಷನ್ ಕಾರ್ಡಿನ ಫೋಟೋಕ್ಕೆ ನಿಂತ ಹಾಗೆ, ಎರಡು ಕೈ ಪಕ್ಕಕ್ಕಿಟ್ಟು ನೆಟ್ಟಗೆ ಎದ್ದು ನಿಂತುಬಿಟ್ಟರು. ಮಿಷನ್ನು ಸೀಟಿನಲ್ಲಿ ಮುಖವಿರಬೇಕಾದ ಜಾಗದಲ್ಲಿ ಕಂಡದ್ದನ್ನು ಹಿಡಿಯಿತು. ಹೀಗಾಗಿ ಅವತ್ತು ರೇಸಿಗೆ ಇಳಿದದ್ದು ಟೋಪಿ ಹಾಕಿ, ಮೀಸೆ ತಿರುವಿಕೊಂಡಿದ್ದ ಒಂದು ಶರ್ಟಿನ ಜೇಬು. ಹುಡುಗಿ ನಗುವುದನ್ನು ತಡೆಯಲಾರದೆ ಹೊರಗೆ ಓಡಿದಳು. ಇವರು ಮಾತ್ರ ಗಂಭೀರವಾಗಿ ಕೂತು ಸ್ಟೇರಿಂಗ್ ಹಿಡಿದರು.

ಉಳಿದ ಗಾಡಿಗಳು ಬಾಣದ ಹಾಗೆ ಹೋದವು. ಇವರು ನಿಧಾನಕ್ಕೆ ಹೊರಟು, ಮೊದಲ ತಿರುವಿನಲ್ಲಿ ಹೊರಗಿನ ಅಂಚಿಗೆ ಹೋಗಿ, ದೊಡ್ಡದಾಗಿ ಸುತ್ತು ಹಾಕಿ ತಿರುಗಿದರು. ಎರಡನೆಯ ತಿರುವಿನಲ್ಲೂ ಹಾಗೆಯೇ. ಹಿಂದಿನಿಂದ ಬಂದ ಗೊಂಬೆಗಳಿಗೆಲ್ಲ ಸೈಡು ಕೊಟ್ಟರು. ಮಾದೇಶನಿಗೆ ತಡೆಯಲಾಗಲಿಲ್ಲ.

"ಅಣ್ಣ, ಒಳ್ಗಡೆಯಿಂದ ನುಗ್ಸಣ್ಣ. ನಿನ್ ಇಂದ್ಗಡೆ ಟ್ರೈಲರ್ ಇಲ್ಲ ಕಣಣ್ಣ."

ಇವರು ಕೇಳಿಸಿಕೊಳ್ಳಲಿಲ್ಲ. ಬೆಟ್ಟದ ಅಂಚಿನಂಥ ಒಂದು ಕಡಿದಾದ ತಿರುವು ಬಂದಾಗ ಸೊಂಟ ತಿರುಗಿಸಿ, ಪೂರಾ ಹಿಂದಕ್ಕೆ ನೋಡಿದರು. ಹಿಂದೆ ಇದ್ದದ್ದು ಗೋಡೆ, ಕೇರಂ ಬೋರ್ಡು, ಟವೆಲು ಹಿಡಿದ ನಾನು. ಆದರೆ ಅವರ ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ. ಅದು ಎರಡನೆಯ ಟ್ರೈಲರಿನ ಒಳಗಿನ ಚಕ್ರವನ್ನು ಹುಡುಕುತ್ತಿತ್ತು. ಚಕ್ರ ಅಂಚು ದಾಟಿ ಬರುವಷ್ಟು ಹೊತ್ತು ಕಾದು, ಆಮೇಲೆ ಮುಂದಕ್ಕೆ ತಿರುಗಿ ಸ್ಟೇರಿಂಗ್ ನೆಟ್ಟಗೆ ಮಾಡಿದರು. ಅಷ್ಟರಲ್ಲಿ ಗೆದ್ದವರು ಗೆದ್ದು, ಅಲ್ಲಿ ಹೂ ಸುರಿದು ಕುಣಿತವೂ ಶುರುವಾಗಿತ್ತು. ಮೀಸೆಯ ಜೇಬು ಎಲ್ಲರಿಗಿಂತ ಕೊನೆಯಲ್ಲಿ, ಯಾರಿಗೂ ಒಂದು ಸಲವೂ ತಾಗದೆ, ಗೆರೆ ದಾಟಿತು.

ಇಳಿದು ಬಂದು ನನ್ನ ಕೈಯಿಂದ ಟವೆಲು ತೆಗೆದುಕೊಂಡು ಮುಖ ಒರೆಸಿಕೊಂಡರು. "ಒಂದ್ ಜಲ್ಲೆನೂ ಬೀಳ್ನಿಲ್ಲ ಕಣಮ್ಮಿ" ಎಂದರು.

ಆ ಮಾತಿಗೆ ನಕ್ಕವರೂ ಇದ್ದರು. ನಾನು ನಗಲಿಲ್ಲ. ಮೊದಲು ಬಂದವರನ್ನಷ್ಟೇ ಎಣಿಸಲು ಕಲಿತ ಮಿಷನ್ನಿಗೆ ಇದು ತಿಳಿಯದು, ಅದರ ತಪ್ಪೇನೂ ಇಲ್ಲ. ಆದರೆ ಹಿಂದೆ ಭಾರವಿದೆ ಎಂದು ತಿಳಿದು, ಆ ಭಾರ ತಿರುಗಲು ಬೇಕಾದ ಜಾಗವನ್ನು ಮೊದಲೇ ಬಿಟ್ಟು, ದಾರಿಯಲ್ಲಿ ಕೂತವರಿಗೆ ಏನೂ ಆಗದಂತೆ ಬರುವುದೂ ಒಂದು ವಿದ್ಯೆ. ಆ ವಿದ್ಯೆ ಅವರ ಕೈಯಿಂದ ಹೋಗಿರಲಿಲ್ಲ. ಅಷ್ಟು ಜನರ ನಡುವೆ ಕೊನೆಯವನಾಗಿ ಬಂದ ನನ್ನ ಗಂಡನನ್ನು ನೋಡಿ ನನಗೆ ಆದ ಹೆಮ್ಮೆ, ಮದುವೆಯ ದಿನವೂ ಆಗಿರಲಿಲ್ಲ.

ಮರುದಿನ ಹುಣಸೆಮರದ ಕೆಳಗಿನ ಟ್ರ್ಯಾಕ್ಟರಿನಿಂದ ಕೋಳಿಗಳನ್ನು ಓಡಿಸಿದರು. ಕಾರ್ಖಾನೆ ಶುರುವಾದ ವಾರ ಅಜ್ಜೀಪುರದಲ್ಲಿ ಮೊದಲ ಲೋಡು ತುಂಬಿತು. ಕೇಳದೆಯೇ ನಾನೂ ಹತ್ತಿ ಮಡ್‌ಗಾರ್ಡಿನ ಮೇಲೆ ಕೂತೆ. ಆ ತಿರುವು ಬಂತು. ಮೋರಿಯ ಮೇಲೆ ಅವತ್ತು ಒಬ್ಬ ಮುದುಕ ಬೀಡಿ ಸೇದುತ್ತಾ ಕೂತಿದ್ದ. ಗಾಡಿ ಹೊರಗಿನ ಅಂಚಿಗೆ ಹೋಯಿತು, ನಿಧಾನವಾಯಿತು, ಅವರು ಹಿಂದಕ್ಕೆ ತಿರುಗಿ ನೋಡಿದರು, ನಾನೂ ನೋಡಿದೆ. ಚಕ್ರ ಮುದುಕನಿಂದ ಮಾರು ದೂರದಲ್ಲೇ ದಾಟಿ ಬಂತು. ಅವನು ಬೀಡಿಯನ್ನು ಬಾಯಿಂದ ತೆಗೆಯಲೂ ಇಲ್ಲ.

ಹನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದರು. "ನೀ ಇಳ್ಕೊ, ಅಂಗ್ಡಿ ಬಾಗ್ಲು ತೆಗಿ" ಎಂದರು. "ಕುಂತೂರ್ಗೆ ನಾನೊಬ್ನೇ ಓಯ್ತೀನಿ."

ಇಳಿದೆ. ಎರಡು ಟ್ರೈಲರುಗಳೂ ನನ್ನ ಮುಂದೆ ಹಾದು ಹೋದವು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು, ನಾನು ನೋಡುತ್ತಲೇ ನಿಂತದ್ದನ್ನು ಕಂಡು, ಅದು ಯಾರ ಗಾಡಿ ಎಂದು ಕೇಳಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ.

"ಸಿದ್ದರಾಜಂದು" ಎಂದೆ, ರಸ್ತೆಯ ಆಚೆಯವರಿಗೂ ಕೇಳಿಸುವ ಹಾಗೆ.