ಸೀಟಿನ ಕೆಳಗೆ ಹಿಡಿಸುವ ಕೇಬಲ್

ಹೆದರಿಕೆ ರುಮೆನಾಳ ಹುಟ್ಟುಗುಣವಲ್ಲ. ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೀನ್ಸ್ ಕಾಳಿನ ಸಾರು ಕುದಿಸಿದ ಹೆಂಗಸು ಅವಳು. ಸಾರಿಗೆ ಉಪ್ಪು ಹೆಚ್ಚೆಂದು ತಗಾದೆ ತೆಗೆದ ಇನ್‌ಸ್ಪೆಕ್ಟರನನ್ನು ಸೌಟು ತೋರಿಸಿಯೇ ಹೊರಗಟ್ಟಿದ್ದಳು. ಆದರೆ ಗಂಡ ಕಾಮೆನ್‌ನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಹೆದರಿಕೆ ಮನೆಗೆ ಬಂದಿತು, ಬಂದದ್ದು ಹೋಗಲೇ ಇಲ್ಲ.

ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ ಅವನು ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು, ನಾಲ್ಕು ಗಂಟೆ ಹೊತ್ತು. ಒಂದು ಸರದಿ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ನಡುವೆ ಎರಡು ದಿನ ಬಿಡುವಿರುವ ಸೋಮವಾರವಂತೂ ತಪ್ಪಲೇಕೂಡದು ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ರೊಡೊಪಿ ಬೆಟ್ಟದ ಆ ಊರಿನಲ್ಲಿ ಚಳಿಗಾಲ ಬಂತೆಂದರೆ ಹೊಗೆಯಾಡುವುದು ಎರಡೇ ಮನೆ, ಒಂದು ಇವರದು, ಇನ್ನೊಂದು ಪಕ್ಕದ ಝಾಫಿರನದು. ಇವಳಲ್ಲಿದ್ದುದು ಹಳೆಯ ಡೀಸೆಲ್ ಕಾರು, ಅವನಲ್ಲಿದ್ದುದು ಅದಕ್ಕಿಂತ ಹಳೆಯ ಮೋಟಾರ್ ಸೈಕಲ್ಲು.

ಆ ಬೆಟ್ಟದವರಿಗೊಂದು ರೂಢಿ. ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಸಂಜೆಯೇ ಕಾರಿನ ಬ್ಯಾಟರಿ ಬಿಚ್ಚಿ, ಎತ್ತಿ ತಂದು, ಅಡುಗೆಮನೆಯಲ್ಲಿ ಹಳೇ ಕಂಬಳಿಯ ಮೇಲೆ ಇಡುತ್ತಾರೆ. ಬೆಳಿಗ್ಗೆ ಮತ್ತೆ ಜೋಡಿಸುತ್ತಾರೆ. ಇಪ್ಪತ್ತು ಕಿಲೋ ಭಾರ. ಅರವತ್ತರ ರುಮೆನಾ ಅದನ್ನು ಎದೆಗವಚಿಕೊಂಡು ದಿನಾ ಒಂಬತ್ತು ಮೆಟ್ಟಿಲು ಹತ್ತುತ್ತಿದ್ದಳು. ಸೊಂಟ ನೋಯುತ್ತಿತ್ತು, ಆದರೆ ನಿದ್ದೆ ಬರುತ್ತಿತ್ತು.

ಸತ್ತ ಬ್ಯಾಟರಿಗೆ ಇನ್ನೊಂದು ಗಾಡಿಯಿಂದ ಕರೆಂಟು ಹಾಯಿಸುವ ಜಂಪರ್ ಕೇಬಲ್ ಕೊಳ್ಳೋಣವೆಂದವನು ಝಾಫಿರ್. ಇಬ್ಬರಿಗೂ ಸೇರಿ ಒಂದೇ ಜೊತೆ. ಅವನ ಬೈಕು ಮುಷ್ಕರ ಹೂಡಿದರೆ ಇವಳ ಕಾರಿನಿಂದ ಕರೆಂಟು, ಇವಳ ಕಾರು ಹೂಡಿದರೆ ಬೆಳಗಿನ ಆರಕ್ಕೆ ಹಿಮ ಗುಡಿಸಲು ಬರುವ ವೆಲ್ಕೊನ ಟ್ರ್ಯಾಕ್ಟರಿನಿಂದ. ಪಟ್ಟಣದ ಬಿಡಿಭಾಗಗಳ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು ಹೆಬ್ಬೆರಳ ದಪ್ಪ, ನಾಲ್ಕು ಮೀಟರ್ ಉದ್ದ, ಹೆಬ್ಬಾವಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು. ಇನ್ನೊಂದು ಎರಡೇ ಮೀಟರ್, ಪುಟ್ಟ ಜಿಪ್ ಚೀಲದಲ್ಲಿ ಮಡಿಸಿಟ್ಟಿದ್ದು.

"ನೋಡಕ್ಕಾ, ಇದು ನನ್ನ ಸೀಟಿನ ಕೆಳಗೇ ಕೂತ್ಕೊಳ್ಳುತ್ತೆ," ಎಂದ ಝಾಫಿರ್. "ಆ ಹಗ್ಗ ತಗೊಂಡು ಎಮ್ಮೆ ಕಟ್ಟೋಣ್ವಾ?"

"ಕಾರಿಗೂ ಆಗುತ್ತೆ, ಬೈಕಿಗೂ ಆಗುತ್ತೆ," ಎಂದ ಅಂಗಡಿಯವನು.

ಕೇಳುವುದು ಬೇಕಾದಷ್ಟಿತ್ತು. ಡೀಸೆಲ್ ಎಂಜಿನ್ನಿಗೆ ಸಾಕಾಗುತ್ತದೆಯೇ? ರಬ್ಬರು ದಪ್ಪಗಿದೆ, ಸರಿ, ಒಳಗೆ ತಾಮ್ರ ಎಷ್ಟಿದೆ? ಎರಡು ಮೀಟರ್ ಎಟುಕುತ್ತದೆಯೇ? ಹಿಂದೆ ಸಾಲಿನಲ್ಲಿ ಮೂವರು ಗಂಡಸರಿದ್ದರು. ಅವರಲ್ಲೊಬ್ಬ, "ಸೌಟಮ್ಮ ತಂತಿ ವ್ಯಾಪಾರಕ್ಕಿಳಿದ್ಲು," ಎಂದು ಕಿಸಕ್ಕೆಂದ. ಹಳೆಯ ರುಮೆನಾ ಆಗಿದ್ದರೆ ಅವನ ಚಳಿ ಬಿಡಿಸುತ್ತಿದ್ದಳು. ಈಗ ಬಾಯಿ ತೆರೆದರೆ ಇಷ್ಟೆಲ್ಲ ಯಾಕಮ್ಮ ಎಂದು ಕೇಳುತ್ತಾರೆ, ಕಾಮೆನ್‌ನ ವಿಷಯ ಹೇಳಬೇಕಾಗುತ್ತದೆ, ಹೇಳುತ್ತಾ ಅಳು ಬಂದುಬಿಡುತ್ತದೆ. ಅದಕ್ಕೆ ಹೆದರಿ ಪುಟ್ಟ ಚೀಲವನ್ನೇ ಎತ್ತಿಕೊಂಡಳು.

ಜನವರಿಯ ಒಂದು ಭಾನುವಾರ ಸಂಜೆ ಸ್ಪ್ಯಾನರ್ ಹಿಡಿದು ಹೊರಟವಳನ್ನು ಕಾಮೆನ್ ತಡೆದ.

"ಬಿಡೇ, ಇವತ್ತೊಂದಿನ ಬ್ಯಾಟ್ರಿ ಅಲ್ಲೇ ಇರ್ಲಿ. ನಿನ್ನ ಸೊಂಟ ಮುರ್ಕೋಬೇಡ. ಕೇಬಲ್ ಇದೆಯಲ್ಲ."

ಇದೆಯಲ್ಲ! ಅವಳೂ ಹಾಗೇ ಅಂದುಕೊಂಡು ಮಲಗಿದಳು.

ಬೆಳಿಗ್ಗೆ ಚಳಿ ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗಿಳಿದಿತ್ತು. ಕಾಮೆನ್‌ನನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ, ಟಕ್ ಎಂದಿತು ಕಾರು, ಅಷ್ಟೇ. ಆಂಬ್ಯುಲೆನ್ಸಿಗೆ ಫೋನು ಮಾಡಿದರೆ, ಇರುವುದೊಂದು ಗಾಡಿ ಕಣಿವೆಯ ಆಚೆ ಹೋಗಿದೆ, ಮಧ್ಯಾಹ್ನವಾಗಬಹುದು ಎಂದರು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಇಳಿಜಾರೆಲ್ಲ ಗಟ್ಟಿ ಮಂಜು, ತಿರುವಿನಲ್ಲಿ ಪ್ರಪಾತ.

ವೆಲ್ಕೊ ಎಂದಿನಂತೆ ಆರಕ್ಕೇ ಬಂದ, ಪುಣ್ಯಾತ್ಮ. ಮುಂದೆ ಹಿಮ ತಳ್ಳುವ ಅಗಲದ ಹಲಗೆ ಇದ್ದ ಟ್ರ್ಯಾಕ್ಟರು ಅಂಗಳದ ಗೇಟಿನೊಳಗೆ ಬರಲಿಲ್ಲ. ಎರಡು ಮೀಟರ್ ಕೇಬಲ್ ಹೊರಗಿನವರೆಗೆ ಎಟುಕಲಿಲ್ಲ. ಕೇಬಲ್ ತಂದಿದ್ದ ಝಾಫಿರನೂ ಸೇರಿ ಮೂವರೂ ಕಾರನ್ನು ಬೀದಿಗೆ ತಳ್ಳಿದರು. ರುಮೆನಾ ಎರಡು ಸಲ ಜಾರಿ ಮೊಣಕಾಲೂರಿದಳು. ಕೆಂಪು ಹಿಡಿಗಳನ್ನು ಕಚ್ಚಿಸಿ, ಕೊನೆಯ ಕಪ್ಪು ಹಿಡಿಯನ್ನು ಎಂಜಿನ್ನಿನ ಬರಿಗಬ್ಬಿಣಕ್ಕೆ ಸಿಕ್ಕಿಸಿ ವೆಲ್ಕೊ ಕೈಯೆತ್ತಿದ. ಅವಳು ಕೀಲಿ ತಿರುಗಿಸಿದಳು. ಎಂಜಿನ್ ಒಮ್ಮೆ ನರಳಿತು. ಹಿಡಿಯ ಬುಡದಿಂದ ಹೊಗೆಯೆದ್ದು ರಬ್ಬರು ಸುಟ್ಟ ನಾತ ಬಡಿಯಿತು.

"ನಿಲ್ಸು! ನಿಲ್ಸಕ್ಕಾ!" ವೆಲ್ಕೊ ಕೂಗಿಕೊಂಡ. "ಯಾವನು ಆರಿಸಿದ್ದು ಈ ಹೊಲಿಗೆ ದಾರಾನ? ಒಳಗೆ ನಾಲ್ಕೆಳೆ ತಂತಿಯಿಲ್ಲ!"

ಝಾಫಿರ್ ತನ್ನ ಬೂಟು ನೋಡಿಕೊಂಡ.

"ನಿನ್ನ ಟ್ರ್ಯಾಕ್ಟರಲ್ಲಿ ಇವ್ರನ್ನ..." ಎಂದಳು ರುಮೆನಾ.

"ಇರೋದೊಂದೇ ಸೀಟು. ಈ ದಾರೀಲಿ ಪಟ್ಟಣಕ್ಕೆ ಮೂರು ಗಂಟೆ ಬೇಕು." ಅವನು ಕೇಬಲ್ ಮುಟ್ಟಿ ನೋಡಿದ. "ಸ್ಟಾರ್ಟ್ ಮಾಡೋ ಕರೆಂಟು ಇದ್ರಲ್ಲಿ ಹರಿಯಲ್ಲ. ನಿಧಾನಕ್ಕೆ ಬ್ಯಾಟ್ರಿ ತುಂಬಿಸ್ಬೋದು. ಕಾಲು ಗಂಟೆ ಕೀಲಿ ಮುಟ್ಬೇಡ. ಆಮೇಲೆ ಒಂದೇ ಸಲ. ಎರಡನೇ ಸಲಕ್ಕೆ ಈ ತಂತಿ ಉಳಿಯಲ್ಲ."

ಆ ಕಾಲು ಗಂಟೆ ಅವಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಹಿಂದೆ ಕಾಮೆನ್‌ನ ಉಸಿರು ಗೊರಗೊರ ಎನ್ನುತ್ತಿತ್ತು. ಊದಿದ ಅವನ ಪಾದ ಬೂಟಿಗೆ ಹಿಡಿಸದೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದಳು. ಹಿಂತಿರುಗಿ ನೋಡಲು ಧೈರ್ಯ ಬರಲಿಲ್ಲ. ನೋಡಿದರೆ ಅವನ ತುಟಿಯ ಬಣ್ಣ ಕಾಣುತ್ತದೆ. ಇದೇ ಸೀಟಿನಲ್ಲಿ, ಇದೇ ಬೀದಿಯಲ್ಲಿ, ಒಂದು ತಂತಿಗಾಗಿ ಇವನು ಹೋಗಿಬಿಟ್ಟರೆ? ಅಂಗಡಿಯಲ್ಲಿ ಬಾಯಿ ಹೊಲಿದುಕೊಂಡು ನಿಂತ ತನ್ನನ್ನು ಅವಳು ಮನಸ್ಸಿನಲ್ಲೇ ಬೈದುಕೊಂಡಳು.

"ಈಗ!" ಎಂದ ವೆಲ್ಕೊ.

ಕೀಲಿ ತಿರುಗಿತು. ಎಂಜಿನ್ ಕೆಮ್ಮಿತು, ತಡವರಿಸಿತು, ಮತ್ತೆ ಕೆಮ್ಮಿ ಹೊತ್ತಿಕೊಂಡಿತು. "ಆಸ್ಪತ್ರೆ ಮುಟ್ಟೋವರೆಗೆ ಆಫ್ ಆಗೋಕೆ ಬಿಡ್ಬೇಡ!" ಎಂದು ವೆಲ್ಕೊ ಕೂಗಿದ್ದು ಕೇಳುವಷ್ಟರಲ್ಲಿ ಅವಳು ಹೊರಟಾಗಿತ್ತು.

ಎರಡನೇ ತಿರುವು ದಾಟಿದ ಮೇಲೆ ಹಿಂದಿನಿಂದ ಕಾಮೆನ್ ಮಾತಾಡಿದ.

"ಹೊಗೆ ಬಂತಲ್ಲ, ಆಗ ನಂಗೆ ಹಾಯೆನಿಸ್ತು ಕಣೇ."

"ಏನಂದೆ?"

"ಇವತ್ತು ಹೋಗೋ ಹಾಗಿಲ್ಲ, ಮುಗೀತು ಅಂತ. ಬ್ಯಾಟ್ರಿ ಅಲ್ಲೇ ಇರ್ಲಿ ಅಂದಿದ್ದು ನಿನ್ನ ಸೊಂಟಕ್ಕಲ್ಲ. ಸಾಕಾಗಿದೆ ರುಮೆನಾ. ಆ ಸೂಜಿ, ಆ ಯಂತ್ರ."

ಬ್ರೇಕು ಹಾಕಿ ಇಳಿದು ಅವನ ಕಾಲರ್ ಹಿಡಿದು ಅಲ್ಲಾಡಿಸಬೇಕೆನಿಸಿತು. ತಬ್ಬಿಕೊಂಡು ಅಳಬೇಕೆನಿಸಿತು. ಯಾವುದೂ ಸಾಧ್ಯವಿರಲಿಲ್ಲ, ಎಂಜಿನ್ ನಿಂತರೆ ಮತ್ತೆ ಏಳುವುದಿಲ್ಲ. ಅವಳು ಅಳುತ್ತಲೇ ಗೇರು ಬದಲಿಸಿದಳು, ಕಣ್ಣು ಒರೆಸಿಕೊಂಡು ದಾರಿ ನೋಡಿದಳು. ಪಟ್ಟಣಕ್ಕೆ ಇನ್ನೂ ಮುಕ್ಕಾಲು ಗಂಟೆಯ ದಾರಿ.

ಆಸ್ಪತ್ರೆಯ ಬಾಗಿಲೆದುರು ಕಾರು ನಿಂತಾಗ ಎಂಟಕ್ಕೆ ಐದು ನಿಮಿಷವಿತ್ತು. ಪ್ರತಿ ಸಲ ಅವಳೇ ಇಳಿದು, ಬಾಗಿಲು ತೆಗೆದು, ತೋಳು ಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. ಈ ಸಲ ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಕೂತಳು.

"ನೀನು ಬರಲ್ವಾ?" ಎಂದ ಕಾಮೆನ್.

"ಇಲ್ಲ. ನಿನ್ನ ಎತ್ಕೊಂಡು ಹೋಗಿ ಯಂತ್ರಕ್ಕೆ ಕಟ್ಟೋಕೆ ನನ್ನಿಂದ ಆಗಲ್ಲ. ಇಳಿಯೋದಿದ್ರೆ ನೀನೇ ಇಳಿ. ಮನೆಗೆ ಹೋಗ್ಬೇಕು ಅಂದ್ರೆ ಹೇಳು, ತಿರುಗಿಸ್ತೀನಿ." ಎರಡು ವರ್ಷದಲ್ಲಿ ಒಮ್ಮೆಯೂ ಅವನೆದುರು ಆಡದ ಮಾತು ಆಗ ಹೊರಬಂತು. "ನಂಗೆ ಹೆದರಿಕೆ ಆಗ್ತಿದೆ ಕಾಮೆನ್. ದಿನಾ ಆಗುತ್ತೆ."

ಕನ್ನಡಿಯಲ್ಲಿ ಅವನು ಅವಳನ್ನೇ ನೋಡುತ್ತಿದ್ದ. ತಿರುಗಿಸು ಅಂದುಬಿಡುತ್ತಾನೆ ಎಂದುಕೊಂಡು ಅವಳು ಗೇರಿನ ಮೇಲೆ ಕೈಯಿಟ್ಟಳು.

ಹಿಂದಿನ ಬಾಗಿಲು ತೆರೆದುಕೊಂಡಿತು. ಅವನು ಕಂಬಳಿ ಸರಿಸಿ, ಕಾಲುಚೀಲದ ಪಾದಗಳನ್ನು ಒಂದೊಂದಾಗಿ ಹಿಮದ ಮೇಲೆ ಇಟ್ಟು, ಕಾರಿನ ಮೈ ಹಿಡಿದುಕೊಂಡು ಎದ್ದು ನಿಂತ.

"ನಾಲ್ಕು ಗಂಟೆ ತಾನೇ," ಎಂದ. "ಹೀಟರ್ ಹಾಕ್ಕೊಂಡು ಕೂತಿರು."