ಅಡ್ಡ ಹೋದ ಊದುಬತ್ತಿ ಹೊಗೆ

ಊದುಬತ್ತಿಯ ವಾಸನೆಗೆ ಪೆಟ್ರೋಲಿನ ವಾಸನೆ ಸೇರಿದರೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಕೈ ತಾನಾಗಿ ಮುಗಿಯುತ್ತದೆ. ಇವತ್ತು ಅಮಾವಾಸ್ಯೆ. ಗಡಹಿಂಗ್ಲಜದ ನಮ್ಮ ಮನೆಯ ಹೊಸ್ತಿಲಲ್ಲಿ ಊದುಬತ್ತಿ ಹಚ್ಚಿದೆ, ಅಂಗಳದಲ್ಲಿ ಯಜಮಾನರು ಕಾರು ಚಾಲೂ ಮಾಡಿದರು. ಹಳೆಯದೊಂದು ಅಮಾವಾಸ್ಯೆ ನೆನಪಾಯಿತು.

ಮಾವನವರು ಬಿಟ್ಟುಹೋದ ಬಿಳಿ ಕಾರು ಅದು. ಅತ್ತೆಯವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಏರಲಾಗದು. ಆಜರಾದಲ್ಲಿ ಹಾಸಿಗೆ ಹಿಡಿದ ತಮ್ಮ ಅಕ್ಕನ ಮುಖ ನೋಡಬೇಕೆಂದರೆ ಅವರಿಗೆ ಈ ಕಾರೇ ಗತಿ. ಆ ಕಾರಿಗೇ ರೋಗ ಬಂದಿತ್ತು. ಓಡುವಾಗ ಚೆಂದ ಓಡುತ್ತಿತ್ತು. ಎಕ್ಸಲೇಟರಿನಿಂದ ಕಾಲು ತೆಗೆದರೆ ಗಡಗಡ ನಡುಗಿ ಬಂದ್ ಆಗುತ್ತಿತ್ತು. ಕಾರ್ಬುರೇಟರು ತೊಳೆಸಿದ್ದಾಯಿತು, ಪ್ಲಗ್ಗು ಬದಲಿಸಿದ್ದಾಯಿತು. ನಾನು ಇಚಲಕರಂಜಿ ಹತ್ತಿರದ ಕೊರೋಚಿಯವಳು, ಪವರ್‌ಲೂಮಿನ ಖಟಖಟದಲ್ಲೇ ನಿದ್ದೆ ಮಾಡಿ ಬೆಳೆದವಳು. ಅಲ್ಲಿ ಒಂದು ಏಟು ತಪ್ಪಿದರೆ ಎಚ್ಚರವಾಗುತ್ತಿತ್ತು. ಇಲ್ಲಿ ಎಂಜಿನ್ನಿನ ಏಟು ತಪ್ಪುವುದೂ ಕೇಳಿಸುತ್ತಿತ್ತು. ಆದರೆ ಕಾರೆಂದರೆ ಹಿಂದಿನ ಸೀಟು ಮತ್ತು ಮಡಿಲಲ್ಲಿ ಬುತ್ತಿಗಂಟು, ಇಷ್ಟೇ ನನ್ನ ವಿದ್ಯೆ.

“ಇಳಿಜಾರಿನ್ಯಾಗ ಬಂದ್ ಬಿದ್ರ? ಅವ್ವನ್ನ ಕೂಡಿಸಿಕೊಂಡ ಹೋಗಾಕ ನನಗ ಧೈರ್ಯ ಸಾಲವಲ್ದು,” ಎಂದ ಯಜಮಾನರು ಗುಜರಿಯವನಿಗೆ ಕಾರು ಮಾರುವ ಮಾತು ಕೊಟ್ಟೇ ಬಂದರು. ಮರುದಿನ ಅವನು ಬರುವವನಿದ್ದ.

ಅತ್ತೆಯವರು ಅಳಲಿಲ್ಲ. “ಹೋಗೂ ಗಾಡಿಗೂ ಒಂದ ಅಮಾಸಿ ಪೂಜಿ ಮಾಡಿ ಕಳಸೂಣು,” ಎಂದರು. ಅವರದೇ ಕಟ್ಟಳೆ: ಮೇಲಿನ ತಗಡಿಗೆ ಮಾಡಿದ ಪೂಜೆ ಗಾಡಿಗೆ ಮುಟ್ಟುವುದಿಲ್ಲ, ಬಾನೆಟ್ ತೆರೆದು, ಚಾಲೂ ಇರುವ ಎಂಜಿನ್ನಿಗೇ ಬೆಳಗಬೇಕು. ಯಜಮಾನರು ಎಕ್ಸಲೇಟರ್ ಮೇಲೆ ತುಸುವೇ ಕಾಲಿಟ್ಟು ಕೂತರು. ನಾನು ಊದುಬತ್ತಿ ಹಿಡಿದೆ. ಹೊರಗೆ ಗಾಳಿಯಿರಲಿಲ್ಲ, ಎಂಜಿನ್ನಿನ ಫ್ಯಾನೂ ಇನ್ನೂ ತಿರುಗಿರಲಿಲ್ಲ. ಹೊಗೆ ನೆಟ್ಟಗೆ ಏರುತ್ತಿತ್ತು. ಒಂದು ಕಡೆ ಬಂದಾಗ ಮಾತ್ರ ಅಡ್ಡ ತಿರುಗಿ, ಸಣ್ಣದೊಂದು ರಬ್ಬರ್ ಪೈಪಿನ ಕೆಳಗೆ ನುಸುಳಿ ಮಾಯವಾಯಿತು.

“ಅತ್ತಿ, ಇಲ್ಲಿ ನೋಡ್ರಿ. ಗಾಡಿ ಹೊಗಿ ನುಂಗಾಕತ್ತೈತಿ.”

“ಪೂಜಿ ಮುಟ್ಟೇತಿ ಬಿಡವಾ.”

ನನಗೆ ಸಮಾಧಾನವಾಗಲಿಲ್ಲ. ಊದುಬತ್ತಿ ದೂರವಿಟ್ಟು ಪೈಪಿನ ಅಡಿಗೆ ಬೆರಳಾಡಿಸಿದೆ. ಸೀಳೊಂದು ಸಿಕ್ಕಿತು, ಬೆರಳ ತುದಿಯನ್ನು ಒಳಗೆ ಜಗ್ಗಿತು. ಒತ್ತಿ ಹಿಡಿದೆ. ನಡುಕ ನಿಂತು, ಎಂಜಿನ್ ಕೊರೋಚಿಯ ಮಗ್ಗದಂತೆ ಒಂದೇ ಸಮ ನಡೆಯಿತು.

“ಏನ ಮಾಡಿದಿ ನೀ?” ಯಜಮಾನರು ಒಳಗಿಂದ ಕೇಳಿದರು.

“ಕಾಲ ತಗೀರಿ ನೀವು.”

ತೆಗೆದರು. ಎಂಜಿನ್ ಬಂದ್ ಆಗಲಿಲ್ಲ. ನಾನು ಬೆರಳು ಎತ್ತಿದೆ, ಬಂದ್ ಆಯಿತು.

ಸಂಜೆ ಮಿಸ್ತ್ರಿ ದಿಲಾವರಭಾಯಿ ಬಂದು ಹೊಸ ಪೈಪು ಕೂಡಿಸಿದರು. “ವಹಿನಿ, ಎಂಜಿನ್ ಉಸರ ಎಳೀತೈತ್ರಿ. ಫಿಲ್ಟರಿನ್ಯಾಗಿಂದ ಬಂದ ಗಾಳಿ ಅಳತಿ ನೋಡಿ ಪೆಟ್ರೋಲ್ ಕೂಡತೈತಿ. ಈ ಸೀಳಿನ ಗಾಳಿ ಅಳತಿಗಿ ಸಿಗೂದಿಲ್ಲ. ಜೋರ ಓಡೂವಾಗ ನಡೀತೈತಿ. ಸಾವಕಾಶ ಇದ್ದಾಗ ಅದ ಭಾಳ ಆಗತೈತಿ.”

“ಅಂದ್ರ ಜ್ವಾಳದ ಹಿಟ್ಟಿಗಿ ನೀರ ಹೆಚ್ಚಾದಂಗ,” ಎಂದೆ.

“ಹೌದ್ರಿ. ಆದ್ರ ಪೆಟ್ರೋಲ್ ಹತ್ರ ಮತ್ತ ಊದಬತ್ತಿ ತರಬ್ಯಾಡ್ರಿ. ಇವತ್ತ ದೇವರ ಕಾದಾನ.”

ಮರುದಿನ ಗುಜರಿಯವನು ಚಹಾ ಕುಡಿದು ಬರಿಗೈಲಿ ಹೋದ. ಶಿವನ ದೊಡ್ಡ ಲೀಲೆ ನನಗೆ ತಿಳಿಯದು. ಅವತ್ತು ಗಾಳಿ ಬೀಸಲಿಲ್ಲ, ಸೀಳು ನನ್ನ ಬೆರಳಿಗೆ ಎಟಕುವಲ್ಲಿತ್ತು. ಇಷ್ಟು ತಿಳಿಯುತ್ತದೆ, ಇಷ್ಟು ಸಾಕು.

ಈಗ ಊದುಬತ್ತಿ ಹೊಸ್ತಿಲು ದಾಟುವುದಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲೇ ಟಾರ್ಚು ಹಿಡಿದು ಪೈಪುಗಳ ಅಡಿಗೆ ಬೆರಳಾಡಿಸುತ್ತೇನೆ, ವಿಭೂತಿ ಆಮೇಲೆ. ಇವತ್ತೂ ಹಾಗೇ ಮಾಡಿದ್ದೆ. ಅತ್ತೆಯವರು ಆಗಲೇ ಸೀಟಿನಲ್ಲಿದ್ದರು.

“ಆತೇನವಾ? ಅಕ್ಕ ಬಾಗಲಾ ನೋಡಕೋತ ಮಲಗಿರ್ತಾಳ.”

ಗೇರು ಹಾಕುವ ಮೊದಲು ಯಜಮಾನರು ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಊಟಕ್ಕೆ ಏನಿದೆ ಎಂದು ಕೇಳಲು ಮಾತ್ರ ಹಾಗೆ ನೋಡುತ್ತಿದ್ದವರು. ಒಂದು ಗಳಿಗೆ ಎಂಜಿನ್ನಿಗೆ ಕಿವಿಗೊಟ್ಟು, “ನಡೀರಿ,” ಎಂದೆ.