ಗೇಮ್ ಅಂಕಲ್ ಹೇಳಿದ ಸುಳ್ಳು

ಬೇಲೂರಿನ ಗುಜರಿ ಅಂಗಡಿಯಿಂದ ತಂದ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ಬಿಸಿಯಾಗುತ್ತಿದ್ದಂತೆ ಕೊಬ್ಬರಿಯ ವಾಸನೆ ಬಂತು. ನಾನು ಇಂಥದ್ದನ್ನೆಲ್ಲ ಸುಲಭಕ್ಕೆ ನಂಬುವವಳಲ್ಲ. ಕಂಟ್ರೋಲರನ್ನು ಮೂಗಿಗೆ ಹಿಡಿದು ನೋಡಿದೆ. ಬರೀ ಧೂಳು. ಕೊಬ್ಬರಿ ಇದ್ದದ್ದು ನನ್ನ ತಲೆಯಲ್ಲಿ...

ಅರಸೀಕೆರೆ ಸ್ಟೇಷನ್ ಎದುರು, ಒಂದು ಕೊಬ್ಬರಿ ಗೋದಾಮಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಎರಡು ಟಿವಿ ಹಿಡಿಸುವಷ್ಟೇ ಜಾಗದಲ್ಲಿ ವಿಡಿಯೋ ಗೇಮ್ ಅಂಗಡಿಯೊಂದಿತ್ತು. ಅದನ್ನು ನಡೆಸುತ್ತಿದ್ದವರು ಎಲ್ಲರ ಬಾಯಲ್ಲೂ ಗೇಮ್ ಅಂಕಲ್. ನಾನಾಗ ಮೊದಲ ಪಿಯುಸಿ, ಬಾಣಾವರದಿಂದ ದಿನಾ ರೈಲಲ್ಲಿ ಓಡಾಟ. ಕಾಲೇಜು ಬಿಟ್ಟ ಮೇಲೆ ಗಾಡಿಗೆ ಒಂದೂವರೆ ಗಂಟೆ ಕಾಯಬೇಕು. ಹುಡುಗಿಯರು ಅಲ್ಲಿಗೆ ಹೋಗಲ್ಲ ಅಂತ ಯಾರೋ ಅಂದರು. ಯಾಕೆ ಹೋಗಬಾರದು ಅಂತ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ, ಹೋದೆ.

ಅಲ್ಲಿದ್ದದ್ದು ಆಗಲೇ ಹಳತಾಗಿದ್ದ ಒಂದು ಕಾರಿನ ಆಟ. ಪರದೆ ಎರಡು ಭಾಗ. ಒಬ್ಬರು ತಪ್ಪಿಸಿಕೊಂಡು ಓಡಬೇಕು, ಇನ್ನೊಬ್ಬರು ಪೊಲೀಸ್ ಕಾರಿನಲ್ಲಿ ಬೆನ್ನಟ್ಟಬೇಕು. ನನ್ನ ಜೊತೆ ಆಡುವಾಗ ಅಂಕಲ್ ಯಾವಾಗಲೂ ಪೊಲೀಸೇ. ಗೋಡೆಯ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ದಾಖಲೆ ಬರೆದಿತ್ತು: ಸಿಕ್ಕಿಬೀಳದೆ ಹನ್ನೊಂದು ನಿಮಿಷ. ಯಾರದ್ದು? ಅವರದ್ದೇ. ಕಂಡವರು ಯಾರು? ಯಾರೂ ಇಲ್ಲ. ಅನುಮಾನಪಡಲು ನನಗೆ ಅಷ್ಟು ಸಾಕಿತ್ತು.

ಇನ್ನೊಂದು ಪದ್ಧತಿಯಿತ್ತು. ಒಳಗೆ ಬಂದ ಕೂಡಲೇ ಯಾವ ಗಾಡಿ ಅಂತ ಹೇಳಬೇಕು. ಮೊದಲು ಹೊರಡುವ ಗಾಡಿಯವರ ಬ್ಯಾಗು ಬಾಗಿಲ ಹತ್ತಿರ, ಆಮೇಲಿನದು ಒಳಗೆ. ಹೊತ್ತಾಗುತ್ತಿದ್ದಂತೆ ನೆಲದ ಮೇಲಿದ್ದ ಸ್ವಿಚ್ಚನ್ನು ಅಂಕಲ್ ಕಾಲಿನ ಹೆಬ್ಬೆರಳಲ್ಲಿ ಒತ್ತಿ ಟಿವಿ ಆರಿಸಿಬಿಡೋರು. ಸೈರನ್ ಅರ್ಧಕ್ಕೇ ನಿಲ್ಲುತ್ತಿತ್ತು. "ಬಾಣಾವರ, ಕಡೂರು, ಬೀರೂರು... ಏಳ್ರಪ್ಪ, ಏಳಿ." ಇದೇ ಕಾರಣಕ್ಕೆ ಅಪ್ಪ ಅಮ್ಮಂದಿರೂ ಆ ಅಂಗಡಿಯ ಬಗ್ಗೆ ತಕರಾರು ತೆಗೆಯುತ್ತಿರಲಿಲ್ಲ.

ತಕರಾರು ತೆಗೆದವಳು ನಾನು. ತಾಲ್ಲೂಕು ಮಟ್ಟದ ಚರ್ಚಾ ಸ್ಪರ್ಧೆಯಲ್ಲಿ ಆಗಷ್ಟೇ ಗೆದ್ದಿದ್ದೆ. ಪುರಾವೆಯಿಲ್ಲದೆ ಬಾಯಿ ತೆರೆಯಬಾರದು ಅನ್ನುವುದು ತಲೆಗೇರಿತ್ತು. ಎರಡು ವಾರ ಗಣಿತದ ನೋಟ್‌ಬುಕ್ಕಿನ ಹಿಂದೆ ಗುರುತು ಹಾಕಿಕೊಂಡೆ. ನಾನು ಸೋಲುತ್ತಿದ್ದ ದಿನ ಅಂಕಲ್ ಟಿವಿ ಆರಿಸುತ್ತಿದ್ದದ್ದು ಸ್ಟೇಷನ್ನಿನ ಮೈಕು ಕೂಗಿದ ಮೇಲೆ. ಗೆಲ್ಲುತ್ತಿದ್ದ ದಿನ, ಅದಕ್ಕೂ ನಾಲ್ಕೈದು ನಿಮಿಷ ಮುಂಚೆ. ಒಂದು ದಿನವೂ ತಪ್ಪಿರಲಿಲ್ಲ.

ಶುಕ್ರವಾರ ಐದಾರು ಹುಡುಗರ ಎದುರು ಎದ್ದು ನಿಂತು ಓದಿ ಹೇಳಿದೆ. "ಹಲಗೆ ಮೇಲಿನ ದಾಖಲೆ ಉಳಿಸ್ಕೊಳ್ಳೋಕೇ ನೀವು ಹೀಗ್ ಮಾಡೋದು. ಅಲ್ಲ ಅನ್ನೋದಾದ್ರೆ ಕಾರಣ ಹೇಳಿ ಅಂಕಲ್."

ಒಬ್ಬ ಶಿಳ್ಳೆ ಹೊಡೆದ. "ಏನ್ ಅಂಕಲ್, ಪೊಲೀಸ್ನೋರೇ ಕಳ್ಳರಾ?" ಅಂದ ಇನ್ನೊಬ್ಬ.

ಅಂಕಲ್ ಹೆಗಲ ಟವೆಲ್ಲಿನಿಂದ ಕಂಟ್ರೋಲರ್ ಒರೆಸುತ್ತಲೇ ಇದ್ದರು. "ನಿನ್ ಹತ್ರ ಮಾತಾಡಿ ಗೆಲ್ಲೋಕಾಯ್ತದೇನಮ್ಮ," ಅಂದರು. "ಆಯ್ತು. ಸೋಮವಾರದಿಂದ ನಿನ್ ಗಾಡಿ ನೀನೇ ನೋಡ್ಕೊ. ನಾನು ಆರಿಸಲ್ಲ."

ಉತ್ತರ ಕೊಡಲಿಲ್ಲ, ಅಂದರೆ ಒಪ್ಪಿಕೊಂಡ ಹಾಗೆ. ಹಾಗಂತ ಲೆಕ್ಕ ಹಾಕಿದೆ.

ಸೋಮವಾರ ನಾನು ಓಡಿದೆ, ಅವರು ಬೆನ್ನಟ್ಟಿದರು. ಏಳು ನಿಮಿಷ, ಎಂಟು... ಮೈಕು ಕೂಗಿತು. ಹುಡುಗರು ತಾವಾಗೇ ಬ್ಯಾಗು ಎತ್ತಿಕೊಂಡು ಹೋದರು. "ಕೂಗ್ತು ಕಣಮ್ಮ," ಅಂದರು ಅಂಕಲ್. "ಆರಿಸಲ್ಲ ಅಂದಿದ್ರಿ," ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅಂದರು, "ಗಾಡಿ ಬಂತು." ನನ್ನ ಕಣ್ಣು ಪರದೆ ಬಿಟ್ಟು ಅಲುಗಲಿಲ್ಲ. ಹತ್ತನೇ ನಿಮಿಷಕ್ಕೆ ರಸ್ತೆಗೆ ಅಡ್ಡ ನಿಂತಿದ್ದ ಪೊಲೀಸ್ ಕಾರುಗಳಿಗೆ ಗುದ್ದಿ ಸಿಕ್ಕಿಬಿದ್ದೆ. ಹೊರಗೆ ಬಂದಾಗ ಗಾಡಿಯ ಕೊನೇ ಡಬ್ಬಿ ಪ್ಲಾಟ್‌ಫಾರ್ಮ್ ದಾಟುತ್ತಿತ್ತು.

ಅಂಕಲ್ ನಮ್ಮ ಮನೆಗೆ ಫೋನ್ ಮಾಡಿ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಬಾಗಿಲೆಳೆದು ಬೀಗ ಹಾಕಿ, ನನ್ನ ಜೊತೆ ಬಸ್ಸು ಹತ್ತಿದರು. ನಾನು ಅಳುತ್ತಿದ್ದೆ. "ನಮ್ಮಪ್ಪ ಕಾಲೇಜು ಬಿಡಿಸ್ತಾರೆ ಅಂಕಲ್. ಒಂದ್ ಸಲ ತಡ ಆದ್ರೂ ಮನೇಲೇ ಇರು ಅಂತ ಮೊದಲೇ ಹೇಳಿದಾರೆ."

"ನೀನು ಬಾಯ್ ಬಿಡಬೇಡ. ಅಂಗಡಿ ಗಡಿಯಾರ ನಿಂತೋಗಿತ್ತು, ನಾನೇ ಗಾಡಿ ತಪ್ಪಿಸ್ದೆ ಅಂತೀನಿ."

"ನಂಬ್ತಾರಾ?"

"ನೀನಾಗಿದ್ರೆ ನಂಬ್ತಿರ್ಲಿಲ್ಲ ಬಿಡು," ಅಂತ ನಕ್ಕರು. "ಎಲ್ಲಾರೂ ನಿನ್ ಥರ ಇರಲ್ಲ."

ಬಾಣಾವರದ ಬಸ್‌ಸ್ಟ್ಯಾಂಡಿನಲ್ಲೇ ಅಪ್ಪ ನಿಂತಿದ್ದರು. ಅಂಕಲ್ ಕೈ ಮುಗಿದು ಗಡಿಯಾರದ ಕಥೆ ಹೇಳಿದರು. ಹತ್ತು ಜನರೆದುರು ಅಪ್ಪ ಅವರನ್ನು ಬೈದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಂಕಲ್ "ತಪ್ಪಾಯ್ತು ಸ್ವಾಮಿ, ತಪ್ಪಾಯ್ತು" ಅನ್ನುತ್ತಲೇ ಇದ್ದರು. ವೇದಿಕೆ ಮೇಲೆ ಯಾರನ್ನೂ ಬಿಡದ ನಾನು ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಿಂತಿದ್ದೆ, ಒಂದೇ ಒಂದು ಮಾತಾಡದೆ.

ನನ್ನ ಕಾಲೇಜು ಉಳಿಯಿತು. ಅಪ್ಪ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ದಿನಾ ಗಾಡಿಗೆ ಮಕ್ಕಳನ್ನು ಕಳಿಸುವ ಒಂದೊಂದು ಮನೆಗೂ ಹೋಗಿ, ಆ ಅಂಗಡಿಗೆ ಬಿಡಬೇಡಿ ಅಂದರು. ಕಡೂರಿನವರಿಗೂ ಸುದ್ದಿ ಹೋಯಿತು. ಪರೀಕ್ಷೆ ಮುಗಿಯುವ ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಆ ಅಂಗಡಿಯ ಮುಂದಿನಿಂದಲೇ ಸ್ಟೇಷನ್ನಿಗೆ ಹೋಗಬಹುದಾಗಿದ್ದರೂ ನಾನು ಹಿಂದಿನ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದೆ...

ಈಗ ನಾನು ಬೇಲೂರಿನಲ್ಲಿ ಮಕ್ಕಳಿಗೆ ಚರ್ಚೆ ಮಾಡುವುದು ಹೇಗೆ ಅಂತ ಕಲಿಸುತ್ತೇನೆ. ಗುಜರಿಯಿಂದ ತಂದ ಪೆಟ್ಟಿಗೆಯಲ್ಲಿ ಅದೇ ಆಟ ಹಾಕಿ, ಒಂದು ವಾರ ಪಟ್ಟು ಹಿಡಿದು ಆಡಿದೆ. ಹನ್ನೊಂದು ನಿಮಿಷ ನನ್ನಿಂದ ಆಗಲಿಲ್ಲ. ಆ ಅಂಕಿಯ ಮೇಲೆ ನನಗೆ ಈಗಲೂ ಅನುಮಾನವಿದೆ. ಆದರೆ ಒಂದು ಸಂಜೆ ಒಲೆ ಮೇಲೆ ಹಾಲಿಟ್ಟು ಕೂತಿದ್ದೆ. ಸೋತಾಗಲೆಲ್ಲ ನಾನಾಗೇ ಎದ್ದು ಹೋಗಿ ಹಾಲು ನೋಡಿ ಬರುತ್ತಿದ್ದೆ. ಗೆಲ್ಲತೊಡಗಿದೆ ನೋಡಿ, ಹಾಲು ಉಕ್ಕಿ ಒಲೆ ಆರಿ ಗ್ಯಾಸು ವಾಸನೆ ಬಂದರೂ ಏಳಲಿಲ್ಲ. ಗೆಲ್ಲುತ್ತಿರುವವರನ್ನು ಎಬ್ಬಿಸಲು ನಾಲ್ಕೈದು ನಿಮಿಷ ಹೆಚ್ಚು ಬೇಕು. ಅದರಲ್ಲೂ ವಾದ ಮಾಡುವವಳಾದರೆ... ನನ್ನ ನೋಟ್‌ಬುಕ್ಕಿನ ಪ್ರತಿ ಗುರುತೂ ಇದನ್ನೇ ಹೇಳುತ್ತಿತ್ತು. ಇನ್ನೊಂದು ಕಾರಣವೂ ಇರಬಹುದು ಅಂತ ನಾನು ಹುಡುಕಿಯೇ ಇರಲಿಲ್ಲ.

ಮುಂದಿನ ಭಾನುವಾರ ಅರಸೀಕೆರೆಗೆ ಹೋದೆ. ಅಂಗಡಿಯಿದ್ದಲ್ಲಿ ಮೊಬೈಲ್ ಕವರುಗಳು ತೂಗುತ್ತಿದ್ದವು. ಜೆರಾಕ್ಸ್ ಅಂಗಡಿಯ ಹೆಂಗಸು ಹೇಳಿದರು: "ಅವ್ರಾ? ಹೋಗ್ಬಿಟ್ರಲ್ಲಮ್ಮ, ಎರಡು ವರ್ಷ ಆಯ್ತು. ಹೆಂಡ್ರು ಗೆಂಡೆಹಳ್ಳೀಲಿ ತಮ್ಮನ ಮನೇಲವ್ರೆ."

ಅಲ್ಲಿಂದ ನೇರ ಬಾಣಾವರಕ್ಕೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಗಡಿಯಾರ ನಿಂತಿರಲಿಲ್ಲ ಅಂದೆ.

"ಗೊತ್ತಿತ್ತು," ಅಂದರು ಅಪ್ಪ. "ಆವತ್ತು ಕೈ ಮುಗಿದ್ರಲ್ಲ, ಮಣಿಕಟ್ಟಲ್ಲಿ ವಾಚಿತ್ತು ಕಣೆ. ನಡೀತಿತ್ತು. ಟೈಮೂ ಸರಿಯಾಗೇ ಇತ್ತು. ಹೆಣ್ಣುಮಗೂನ ಹೊತ್ತು ಮೀರಿ ಕೂರಿಸ್ಕೊಂಡು ಸುಳ್ಳೂ ಹೇಳ್ತಾನಲ್ಲ, ಎಂಥೋನಿರಬೇಕು ಅಂತ..." ಮನೆಮನೆಗೆ ಹೋಗಿ ಅಪ್ಪ ಏನು ಹೇಳಿದ್ದರು ಅಂತ ನನಗೆ ಗೊತ್ತಾದದ್ದು ಆಗ.

"ಮೊದಲೇ ಹೇಳಬಾರದಿತ್ತೇನೇ?"

"ಕಾಲೇಜು ಬಿಡಿಸ್ತಿದ್ರಿ."

ಅಪ್ಪ ಇಲ್ಲ ಅನ್ನಲಿಲ್ಲ. ಆಮೇಲೆ ಕೇಳಿದರು, "ಅವರ ಮನೆಯೋರ ಕಿವೀಗೂ ಬಿದ್ದಿರತ್ತಾ, ನಾನಂದಿದ್ದು?"

"ಬಿದ್ದಿರತ್ತೆ."

ಬೇಲೂರಿನಿಂದ ಗೆಂಡೆಹಳ್ಳಿಗೆ ಬಸ್ಸು ದಿನಾ ಹೊರಡುತ್ತದೆ. ಹೋದರೆ ಅಂಕಲ್ ಹೆಂಡತಿಯ ಮುಂದೆ ಯಾವ ಮಾತಿನಿಂದ ಶುರು ಮಾಡಬೇಕು ಅಂತ ಯೋಚಿಸುತ್ತಾ ಬಸ್‌ಸ್ಟ್ಯಾಂಡಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಇನ್ನೂ ಹತ್ತಿಲ್ಲ.